ಪೀಟರ್ ಟೋರ್ಡನ್‌ಸ್ಕ್ಯೋಲ್ಡ್: ಡೆನ್ಮಾರ್ಕ್ ನೌಕಾಪಡೆಯ ಈ ದಂಡನಾಯಕನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ ಶಾಲೆ ಮಕ್ಕಳಿಗೂ ಗೊತ್ತಿರುವ ಹೆಸರು ಟೋರ್ಡನ್‌ಸ್ಕ್ಯೋಲ್ಡ್. ನಮ್ಮಲ್ಲಿ ಈತನ ಬಗ್ಗೆ ಓದಲು ಸಿಗುವುದು ಕಡಿಮೆ. ಸಿಕ್ಕರೂ ಹುಚ್ಚು ಸಾಹಸದ ಕಥೆಗಳೇ ಜಾಸ್ತಿ. ಆ ಸಾಹಸಕ್ಕೆ ಮುಂಚೆ ಆತ ಎಷ್ಟು ತಯಾರಿ ಮಾಡಿಕೊಳ್ಳುತ್ತಿದ್ದ ಅನ್ನುವುದು ಅವುಗಳಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಟೋರ್ಡನ್‌ಸ್ಕ್ಯೋಲ್ಡ್ ಯಾರು? ಎರಡೇ ಮಾತಲ್ಲಿ ಹೇಳಿ.

18ನೇ ಶತಮಾನದ ಶುರುವಿನಲ್ಲಿ ಡೆನ್ಮಾರ್ಕ್–ನಾರ್ವೆ ರಾಜನ ನೌಕಾಪಡೆಯಲ್ಲಿದ್ದ ಅಧಿಕಾರಿ. 1711ರಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ಸೇರಿದವನು 1719ರ ಹೊತ್ತಿಗೆ ವೈಸ್ ಅಡ್ಮಿರಲ್ ಆಗಿದ್ದ. ಆಗ ಆತನಿಗೆ 28 ವರ್ಷ. ಮರುವರ್ಷ ದ್ವಂದ್ವಯುದ್ಧದಲ್ಲಿ ಸತ್ತ. ಹುಟ್ಟು ಹೆಸರು ಪೀಟರ್ ವೆಸೆಲ್. ಟೋರ್ಡನ್‌ಸ್ಕ್ಯೋಲ್ಡ್ ಅನ್ನುವುದು ರಾಜ ಕೊಟ್ಟ ಹೆಸರು, ‘ಗುಡುಗಿನ ಗುರಾಣಿ’ ಅಂತ ಅರ್ಥ.

ಈತ ಡೆನ್ಮಾರ್ಕಿನವನಾ, ನಾರ್ವೆಯವನಾ?

ಹುಟ್ಟಿದ್ದು ನಾರ್ವೆಯ ಟ್ರಾಂಡ್‌ಹೈಮ್ ಊರಲ್ಲಿ, 1690ರ ಅಕ್ಟೋಬರ್ 28ರಂದು. ಆಗ ಡೆನ್ಮಾರ್ಕ್ ಮತ್ತು ನಾರ್ವೆ ಎರಡಕ್ಕೂ ಒಬ್ಬನೇ ರಾಜ, ಒಂದೇ ನೌಕಾಪಡೆ, ರಾಜಧಾನಿ ಕೋಪನ್‌ಹೇಗನ್. ಈ ಒಂದಾಗಿದ್ದ ವ್ಯವಸ್ಥೆ 1814ರವರೆಗೂ ನಡೆಯಿತು. ಹಾಗಾಗಿ ಆ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಎರಡೂ ದೇಶದವರು ನಮ್ಮವನು ಅನ್ನುತ್ತಾರೆ. ಡೆನ್ಮಾರ್ಕಿನ ರಾಜಗೀತೆಯ ಒಂದು ಚರಣದಲ್ಲಿ ಆತನ ಹೆಸರಿದೆ, ನಾರ್ವೆಯ ರಾಷ್ಟ್ರಗೀತೆಯಲ್ಲೂ ಇದೆ. ಇಬ್ಬರ ಮಾತೂ ನಿಜ ಅಂತಲೇ ನನ್ನ ಅಭಿಪ್ರಾಯ.

ಬಾಲ್ಯ ಹೇಗಿತ್ತು? ಮನೆಯವರು ಏನು ಮಾಡುತ್ತಿದ್ದರು?

ಅಪ್ಪ ಯಾನ್ ವೆಸೆಲ್ ಟ್ರಾಂಡ್‌ಹೈಮ್‌ನಲ್ಲಿ ವ್ಯಾಪಾರಿ, ಊರಾಡಳಿತದ ಸದಸ್ಯ ಕೂಡ. ದೊಡ್ಡ ಸಂಸಾರ, ಮನೆ ತುಂಬಾ ಮಕ್ಕಳು. ಪೀಟರ್ ಮಹಾ ತುಂಟ. ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ ಅಂತ ದರ್ಜಿಯ ಬಳಿ ಕೆಲಸ ಕಲಿಯಲು ಬಿಟ್ಟರಂತೆ, ಅಲ್ಲೂ ನಿಲ್ಲಲಿಲ್ಲ. 1704ರಲ್ಲಿ ರಾಜ ನಾಲ್ಕನೇ ಫ್ರೆಡರಿಕ್ ಟ್ರಾಂಡ್‌ಹೈಮ್‌ಗೆ ಬಂದುಹೋದ. ಅದೇ ವರ್ಷ ಹುಡುಗ ಮನೆಬಿಟ್ಟು ಕೋಪನ್‌ಹೇಗನ್ ಸೇರಿದ. ಅಲ್ಲಿ ಅರಮನೆಯ ಪಾದ್ರಿ ಪೇಡರ್ ಯೆಸ್ಪರ್ಸನ್ ಆಸರೆ ಕೊಟ್ಟರು. ಆ ಪಾದ್ರಿ ಸಿಗದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ನೌಕಾಪಡೆಗೆ ಸೇರಲು ಶಿಫಾರಸು ಬೇಕೇ ಬೇಕಿದ್ದ ಕಾಲ ಅದು.

ನೌಕಾಪಡೆಗೆ ಸೇರುವ ಮುಂಚೆ ಏನು ಮಾಡುತ್ತಿದ್ದ? ನಮ್ಮ ಕಡೆಗೂ ಬಂದಿದ್ದನಂತೆ?

ಅಧಿಕಾರಿಯಾಗಿ ಸೇರಿಸಿಕೊಳ್ಳಿ ಅಂತ ಕೇಳಿಕೊಂಡರೂ ತಕ್ಷಣ ಜಾಗ ಸಿಗಲಿಲ್ಲ. ಹಾಗಾಗಿ ವ್ಯಾಪಾರದ ಹಡಗುಗಳಲ್ಲಿ ದೂರದ ಪ್ರಯಾಣ ಮಾಡಿದ. ಮೊದಲು ಆಫ್ರಿಕಾದ ಗಿನಿ ಕರಾವಳಿ, ಅಲ್ಲಿಂದ ಕೆರಿಬಿಯನ್. ಆ ಹಡಗು ಗುಲಾಮರನ್ನು ಸಾಗಿಸುತ್ತಿದ್ದ ಹಡಗು. ಆಮೇಲೆ ಈಸ್ಟ್ ಇಂಡೀಸ್, ಅಂದರೆ ಭಾರತ ಮತ್ತು ಅದರಾಚೆಯ ಪೂರ್ವದ ನಾಡುಗಳ ಕಡೆಗೂ ಹೋಗಿ 1710ರಲ್ಲಿ ವಾಪಸಾದ. ಆ ಕಾಲದಲ್ಲಿ ನಮ್ಮ ಕಡೆ ಡೆನ್ಮಾರ್ಕಿನ ಮುಖ್ಯ ನೆಲೆ ತಮಿಳುನಾಡಿನ ತರಂಗಂಬಾಡಿ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಅನುಮತಿ ಪಡೆದು ಅವರು ಅಲ್ಲಿ ಕೋಟೆ ಕಟ್ಟಿಕೊಂಡಿದ್ದರು.

ಗುಲಾಮರ ಹಡಗಿನ ವಿಷಯವನ್ನು ವೀರಗಾಥೆ ಬರೆಯುವವರು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಆ ಹಡಗಿನಲ್ಲಿ ಆತ ಹದಿನಾರು ವರ್ಷದ ಹುಡುಗ, ಯಾವ ತೀರ್ಮಾನವೂ ಆತನದಲ್ಲ. ಆದರೂ ಸಮುದ್ರದ ಕೆಲಸವನ್ನು ಆತ ಕಲಿತದ್ದು ಆ ಹಡಗಿನಲ್ಲೇ ಅನ್ನುವುದನ್ನು ಮರೆಮಾಚಬಾರದು.

ಆಗ ನಡೆಯುತ್ತಿದ್ದ ಯುದ್ಧ ಯಾವುದು?

ಉತ್ತರದ ಮಹಾಯುದ್ಧ, 1700ರಿಂದ 1721ರವರೆಗೆ. ಒಂದು ಕಡೆ ಸ್ವೀಡನ್, ಅದರ ರಾಜ ಹನ್ನೆರಡನೇ ಚಾರ್ಲ್ಸ್. ಇನ್ನೊಂದು ಕಡೆ ರಷ್ಯಾ, ಡೆನ್ಮಾರ್ಕ್–ನಾರ್ವೆ, ಸ್ಯಾಕ್ಸನಿ ಮತ್ತು ಪೋಲೆಂಡ್. 1709ರಲ್ಲಿ ಪೋಲ್ಟಾವಾದಲ್ಲಿ ಚಾರ್ಲ್ಸ್ ರಷ್ಯಾದ ಎದುರು ಸೋತು ತುರ್ಕರ ನಾಡಿಗೆ ಓಡಿಹೋದ ಮೇಲೆ ಡೆನ್ಮಾರ್ಕ್ ಮತ್ತೆ ಯುದ್ಧಕ್ಕೆ ಇಳಿಯಿತು. ಸ್ವೀಡನ್‌ಗೆ ಆಗ ಬಾಲ್ಟಿಕ್ ಸಮುದ್ರದ ಆಚೆ, ಜರ್ಮನಿಯ ಕರಾವಳಿಯಲ್ಲೂ ಜಾಗಗಳಿದ್ದವು. ಅಲ್ಲಿಗೆ ಸೈನಿಕರು, ದವಸ, ಮದ್ದುಗುಂಡು ಎಲ್ಲ ಹಡಗಿನಲ್ಲೇ ಹೋಗಬೇಕು. ಟೋರ್ಡನ್‌ಸ್ಕ್ಯೋಲ್ಡ್ ಕೈ ಹಾಕಿದ್ದು ಈ ಸರಬರಾಜಿನ ದಾರಿಗೇ.

ಮೊದಲ ಹಡಗು ಯಾವುದು?

‘ಓರ್ಮನ್’, ಅಂದರೆ ಹಾವು. ನಾಲ್ಕೇ ಫಿರಂಗಿ ಇದ್ದ ಪುಟ್ಟ ಹಡಗು. ಇದರಲ್ಲಿ ಸ್ವೀಡನ್ ಕರಾವಳಿ ಸುತ್ತಿ ಶತ್ರುವಿನ ಓಡಾಟದ ಸುದ್ದಿ ತರುವುದು ಆತನ ಕೆಲಸ. ಕರಾವಳಿಯ ಬಂಡೆ, ಆಳ, ಗಾಳಿ, ಯಾವ ಸಂದಿಯಲ್ಲಿ ಹಡಗು ನುಗ್ಗಬಹುದು, ಯಾವ ಮೀನುಗಾರ ಬಾಯಿಬಿಡುತ್ತಾನೆ, ಎಲ್ಲವನ್ನೂ ಕಲಿತದ್ದು ಇಲ್ಲೇ. ಮುಂದಿನ ದೊಡ್ಡ ಗೆಲುವುಗಳ ಬೇರು ಈ ಸಣ್ಣ ಹಡಗಿನಲ್ಲಿದೆ.

1712ರಲ್ಲಿ 20 ಫಿರಂಗಿಗಳ ಫ್ರಿಗೇಟ್, ಅಂದರೆ ವೇಗವಾಗಿ ಓಡುವ ಯುದ್ಧಹಡಗು ಸಿಕ್ಕಿತು, ‘ಲೊವೆಂಡಾಲ್ಸ್ ಗ್ಯಾಲಿ’. ನಾರ್ವೆಯಲ್ಲಿ ಮೇಲಧಿಕಾರಿಯಾಗಿದ್ದ ಲೊವೆಂಡಾಲ್ ಹೆಸರೇ ಅದಕ್ಕೆ. ಇಷ್ಟು ಚಿಕ್ಕ ವಯಸ್ಸಿನವನಿಗೆ ಕೊಡಬೇಡಿ ಅಂತ ಕೋಪನ್‌ಹೇಗನ್‌ನ ನೌಕಾ ಕಚೇರಿ ತಕರಾರು ತೆಗೆದಿತ್ತು. ಲೊವೆಂಡಾಲ್ ಕೇಳಲಿಲ್ಲ, ಕೊಟ್ಟೇಬಿಟ್ಟರು.

ಶತ್ರುವಿನ ಹತ್ತಿರವೇ ಮದ್ದು ಸಾಲ ಕೇಳಿದ ಕಥೆ ನಿಜವಾ?

ನಿಜ. 1714ರ ಜುಲೈ. ಇಂಗ್ಲೆಂಡ್‌ನಲ್ಲಿ ಸ್ವೀಡನ್‌ಗಾಗಿ ಸಜ್ಜುಮಾಡಿದ 28 ಫಿರಂಗಿಗಳ ಫ್ರಿಗೇಟ್ ಒಂದು ಸ್ವೀಡನ್‌ನ ಬಂದರು ಗೋಥೆನ್‌ಬರ್ಗ್ ಕಡೆ ಹೊರಟಿತ್ತು. ಹಡಗಿನ ಮೇಲೆ ಇಂಗ್ಲಿಷ್ ಬಾವುಟ, ಕ್ಯಾಪ್ಟನ್ ಕೂಡ ಇಂಗ್ಲಿಷಿನವನೇ. ವೆಸೆಲ್‌ನ ಹಡಗು ಅದಕ್ಕಿಂತ ಚಿಕ್ಕದು. ಆದರೂ ಬಿಡಲಿಲ್ಲ. ಇಡೀ ದಿನ ಗುಂಡಿನ ಸುರಿಮಳೆ. ಕತ್ತಲಾಯಿತು ಅಂತ ನಿಲ್ಲಿಸಿದರು. ಬೆಳಗಾಗುತ್ತಲೇ ಮತ್ತೆ ಶುರು. ಎಲ್ಲ ಸೇರಿ ಸುಮಾರು 14 ಗಂಟೆಯ ಕಾಳಗ. ಎರಡೂ ಹಡಗಿನ ಹಾಯಿ, ಹಗ್ಗ ಎಲ್ಲ ಚಿಂದಿ.

ಕೊನೆಗೆ ವೆಸೆಲ್‌ನ ಹತ್ತಿರ ಸಿಡಿಮದ್ದು ಖಾಲಿಯಾಯಿತು. ಆತ ಆ ಹಡಗಿಗೆ ಆಳು ಕಳಿಸಿದ. ಚೆನ್ನಾಗಿ ಕಾದಾಡಿದಿರಿ, ಧನ್ಯವಾದ. ನಮ್ಮಲ್ಲಿ ಮದ್ದು ಮುಗಿದಿದೆ, ಸ್ವಲ್ಪ ಕೊಟ್ಟರೆ ಕಾಳಗ ಮುಂದುವರಿಸಬಹುದು ಅಂತ ಹೇಳಿಕಳಿಸಿದ. ಆ ಕ್ಯಾಪ್ಟನ್ ಮದ್ದು ಕೊಡಲಿಲ್ಲ, ಸಹಜವೇ ಅಲ್ವಾ. ಇಬ್ಬರೂ ಒಬ್ಬರ ಆರೋಗ್ಯಕ್ಕೆ ಇನ್ನೊಬ್ಬರು ಕುಡಿದು, ತಮ್ಮ ತಮ್ಮ ದಾರಿ ಹಿಡಿದರು.

ಇದಕ್ಕೆ ಬಹುಮಾನ ಸಿಕ್ಕಿತಾ?

ಮೊದಲು ಸಿಕ್ಕಿದ್ದು ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆ. ತನ್ನಲ್ಲಿ ಮದ್ದು ಇಲ್ಲ ಅಂತ ಶತ್ರುವಿಗೇ ತಿಳಿಸಿದ, ದೊಡ್ಡ ಹಡಗನ್ನು ಕೆಣಕಿ ರಾಜನ ಹಡಗನ್ನು ಅಪಾಯಕ್ಕೆ ಒಡ್ಡಿದ ಅನ್ನುವುದು ಆರೋಪ. ಇದರ ಹಿಂದೆ ಹೊಟ್ಟೆಕಿಚ್ಚೂ ಇತ್ತು. ಆತನ ಸಲಿಗೆಯ ಮಾತು, ಮೇಲಿನವರಿಗೆ ತಲೆಬಾಗದ ನಡೆ ಅನೇಕ ಅಧಿಕಾರಿಗಳಿಗೆ ಹಿಡಿಸುತ್ತಿರಲಿಲ್ಲ.

ವಿಚಾರಣೆಯಲ್ಲಿ ಆತ ನೌಕಾಪಡೆಯ ನಿಯಮಗಳನ್ನೇ ಮುಂದಿಟ್ಟು ವಾದಿಸಿದ. ಓಡುವ ಶತ್ರುವನ್ನು ಬಿಡಬಾರದು ಅಂತ ನಿಯಮವೇ ಹೇಳುತ್ತದೆ ಅಂದ. 1714ರ ಡಿಸೆಂಬರ್‌ನಲ್ಲಿ ಖುಲಾಸೆಯಾಯಿತು. ಅದೇ ತಿಂಗಳು ರಾಜ ಆತನನ್ನು ಕ್ಯಾಪ್ಟನ್ ಮಾಡಿದ. ಆಗ ವಯಸ್ಸು 24. ಓದಿನಲ್ಲಿ ಮನಸ್ಸಿಲ್ಲ ಅನ್ನಿಸಿಕೊಂಡಿದ್ದ ಹುಡುಗ ನಿಯಮದ ಪುಸ್ತಕ ಓದಿಯೇ ತಲೆ ಉಳಿಸಿಕೊಂಡ.

ರಾಜ ಹೊಸ ಹೆಸರು ಕೊಟ್ಟದ್ದು ಯಾವಾಗ, ಯಾಕೆ?

1715ರ ಏಪ್ರಿಲ್‌ನಲ್ಲಿ ಫೆಮಾರ್ನ್ ದ್ವೀಪದ ಹತ್ತಿರ ಡೆನ್ಮಾರ್ಕ್ ನೌಕಾದಳ ಸ್ವೀಡನ್ ದಳವನ್ನು ಸೋಲಿಸಿತು. ಸೋತ ಸ್ವೀಡನ್ ಹಡಗುಗಳು ದಡಕ್ಕೆ ನುಗ್ಗಿ ನಿಂತವು. ಅವು ಶತ್ರುವಿನ ಕೈಗೆ ಸಿಗಬಾರದು ಅಂತ ಒಡೆದುಹಾಕುವ ಯೋಚನೆಯಲ್ಲಿದ್ದಾಗ ವೆಸೆಲ್ ಮೊದಲು ತಲುಪಿ ತಡೆದ. ಹೀಗೆ ಉಳಿದ 30 ಫಿರಂಗಿಗಳ ‘ಬಿಳಿ ಹದ್ದು’ ಹಡಗು ಮುಂದೆ ಆತನದೇ ಆಯಿತು. ಆ ಇಡೀ ವರ್ಷ ಜರ್ಮನಿ ಕಡೆಯ ಪೊಮರೇನಿಯಾ ಕರಾವಳಿಯಲ್ಲಿ ಸ್ವೀಡನ್‌ನ ಸರಕು ಹಡಗುಗಳಿಗೆ ಕಾಟ ಕೊಟ್ಟ. 1716ರ ಫೆಬ್ರುವರಿ 24ರಂದು ರಾಜ ಆತನನ್ನು ಶ್ರೀಮಂತವರ್ಗಕ್ಕೆ ಸೇರಿಸಿ ಟೋರ್ಡನ್‌ಸ್ಕ್ಯೋಲ್ಡ್ ಅಂತ ಹೆಸರಿಟ್ಟ.

ಡೂನೆಕಿಲೆನ್ ಕಾಳಗ ಅಂದರೆ ಏನು? ಅದಕ್ಕೆ ಯಾಕಿಷ್ಟು ಮಹತ್ವ?

ಇದನ್ನು ಬಿಡಿಸಿ ಹೇಳಲೇಬೇಕು. ಆತನ ಬದುಕಿನ ಅತಿ ದೊಡ್ಡ ಕೆಲಸ ಇದು.

1716ರಲ್ಲಿ ಹನ್ನೆರಡನೇ ಚಾರ್ಲ್ಸ್ ನಾರ್ವೆಯ ಮೇಲೆ ದಂಡೆತ್ತಿ ಬಂದ. ಗಡಿಯ ಫ್ರೆಡ್ರಿಕ್ಸ್‌ಹಾಲ್ಡ್ ಊರು (ಈಗಿನ ಹಾಲ್ಡೆನ್), ಅದರ ಮೇಲೆ ಗುಡ್ಡದಲ್ಲಿ ಫ್ರೆಡ್ರಿಕ್‌ಸ್ಟೆನ್ ಕೋಟೆ. ಚಾರ್ಲ್ಸ್‌ನ ಸೈನ್ಯ ಊರಿಗೆ ನುಗ್ಗಿದಾಗ ಊರಿನವರು ತಮ್ಮ ಮನೆಗಳಿಗೆ ತಾವೇ ಬೆಂಕಿ ಹಚ್ಚಿದರು, ಶತ್ರುವಿಗೆ ಅಡಗಲು ಜಾಗ ಸಿಗದಿರಲಿ ಅಂತ. ಕೋಟೆ ಒಡೆಯಲು ಭಾರಿ ಫಿರಂಗಿ ಬೇಕು, ಮದ್ದು ಬೇಕು, ಸೈನಿಕರಿಗೆ ಊಟ ಬೇಕು. ಅವನ್ನೆಲ್ಲ ಹೊತ್ತ ಸ್ವೀಡನ್ ಹಡಗುಗಳು ಗಡಿಯ ಸ್ವೀಡನ್ ಕಡೆ, ಸ್ಟ್ರೋಮ್‌ಸ್ಟಾಡ್‌ನ ಉತ್ತರಕ್ಕೆ, ಡೂನೆಕಿಲೆನ್ ಅನ್ನುವ ಫಿಯೋರ್ಡ್‌ನಲ್ಲಿ ಲಂಗರು ಹಾಕಿದ್ದವು. ಫಿಯೋರ್ಡ್ ಅಂದರೆ ಎರಡೂ ಕಡೆ ಬಂಡೆಗುಡ್ಡ ಇರುವ, ನೆಲದೊಳಗೆ ನುಗ್ಗಿದ ಇಕ್ಕಟ್ಟಾದ ಕೊಲ್ಲಿ. ಒಳಗಿನ ಪುಟ್ಟ ದ್ವೀಪದ ಮೇಲೂ ಸ್ವೀಡನ್‌ನವರು ಫಿರಂಗಿ ನಿಲ್ಲಿಸಿದ್ದರು. ದಳದ ಮುಖ್ಯಸ್ಥ ಸ್ಟ್ರೋಮ್‌ಸ್ಟಿಯೆರ್ನಾ. ಇಂಥ ಜಾಗಕ್ಕೆ ಹಾಯಿ ಹಡಗಿನಲ್ಲಿ ನುಗ್ಗಿದರೆ, ಗಾಳಿ ತಿರುಗಿದರೆ ಹೊರಗೆ ಬರುವ ದಾರಿಯೇ ಇಲ್ಲ.

ಜುಲೈ 8ರ ಬೆಳಗ್ಗೆ ಟೋರ್ಡನ್‌ಸ್ಕ್ಯೋಲ್ಡ್ ಹತ್ತಿರ ಇದ್ದದ್ದು ಬರೀ ಏಳು ಹಡಗು. ಎರಡು ಫ್ರಿಗೇಟ್, ಎರಡು ಪ್ರಾಮ್, ಅಂದರೆ ತಳ ಚಪ್ಪಟೆಯಾದ ಫಿರಂಗಿ ದೋಣಿಗಳು, ಮತ್ತು ಹುಟ್ಟು ಹಾಕಿ ನಡೆಸುವ ಮೂರು ಗ್ಯಾಲಿ. ಈ ಕೂಟವನ್ನು ನೋಡಿದರೇ ಆತನ ಲೆಕ್ಕಾಚಾರ ಗೊತ್ತಾಗುತ್ತದೆ. ಗಾಳಿ ಕೈಕೊಟ್ಟರೂ ಗ್ಯಾಲಿ ನಡೆಯುತ್ತದೆ, ನೀರು ಆಳವಿಲ್ಲದ ಕಡೆ ಪ್ರಾಮ್ ಹೋಗುತ್ತದೆ. ಹಿಂದಿನ ರಾತ್ರಿ ಸ್ವೀಡನ್ ಅಧಿಕಾರಿಗಳು ಔತಣದಲ್ಲಿ ಚೆನ್ನಾಗಿ ಕುಡಿದು ಮಲಗಿದ್ದಾರೆ ಅನ್ನುವ ಸುದ್ದಿಯನ್ನು ಮೀನುಗಾರರು ಕೊಟ್ಟರು ಅಂತ ಎಲ್ಲ ಕಡೆ ಹೇಳುತ್ತಾರೆ.

ಇಕ್ಕಟ್ಟಿನ ದಾರಿಯಲ್ಲಿ ಮೊದಲು ಗುಂಡು ತಿನ್ನುತ್ತಾ ನುಗ್ಗಿ, ಒಳಗೆ ಹಡಗುಗಳನ್ನು ಅಡ್ಡ ನಿಲ್ಲಿಸಿ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ದ್ವೀಪದ ಫಿರಂಗಿಗಳು ಸುಮ್ಮನಾದವು. ಸ್ವೀಡನ್‌ನವರು ಹಡಗುಗಳನ್ನು ದಡಕ್ಕೆ ನುಗ್ಗಿಸಿ ಬಿಟ್ಟು ಓಡಿದರು. ಗುಡ್ಡದ ಮೇಲಿಂದ ಬಂದೂಕಿನ ಗುಂಡು ಬೀಳುತ್ತಿರುವಾಗಲೇ ಡೆನ್ಮಾರ್ಕ್ ನಾವಿಕರು ಆ ಹಡಗುಗಳನ್ನು ಒಂದೊಂದಾಗಿ ಎಳೆದು ತಂದರು. ತರಲಾಗದವನ್ನು ಸುಟ್ಟರು. ಹತ್ತಾರು ಹಡಗುಗಳ ಒಂದಿಡೀ ದಳವೇ ಇಲ್ಲವಾಯಿತು. ಟೋರ್ಡನ್‌ಸ್ಕ್ಯೋಲ್ಡ್ ಕಡೆ ಸತ್ತವರು, ಗಾಯಗೊಂಡವರು ಸೇರಿ 76 ಜನ.

ಸರಬರಾಜು ನಿಂತ ಮೇಲೆ ಚಾರ್ಲ್ಸ್ ಮುತ್ತಿಗೆ ಬಿಟ್ಟು ವಾಪಸು ಹೋಗಲೇಬೇಕಾಯಿತು. ಒಂದು ಬೆಳಗಿನ ಕಾಳಗ ನಾರ್ವೆಯ ಮೇಲಿನ ದಂಡಯಾತ್ರೆಯನ್ನೇ ಮುರಿಯಿತು. ಟೋರ್ಡನ್‌ಸ್ಕ್ಯೋಲ್ಡ್‌ಗೆ ಆಗ ಇನ್ನೂ 25.

ಮೇಲಧಿಕಾರಿಗಳು ಇದಕ್ಕೆ ಖುಷಿಪಟ್ಟರಾ?

ರಾಜ ಖುಷಿಪಟ್ಟು ಕಮಾಂಡರ್ ಪದವಿ ಕೊಟ್ಟ. ಆದರೆ ಆತನ ಮೇಲಧಿಕಾರಿ ಅಡ್ಮಿರಲ್ ಗಾಬೆಲ್‌ಗೆ ಸಿಟ್ಟು ಬಂತು. ದಾಳಿಯ ವಿಷಯ ಮೊದಲೇ ತಮಗೆ ತಿಳಿಸಲಿಲ್ಲ ಅಂತ. ಆ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅನ್ನಲಾಗದು. ಅಂದು ಗಾಳಿ ತಿರುಗಿದ್ದರೆ ಏಳೂ ಹಡಗಿನ ಲೆಕ್ಕ ಗಾಬೆಲ್ ಕೊಡಬೇಕಿತ್ತು.

ಆತ ಸೋತದ್ದೇ ಇಲ್ಲವಾ?

ಸೋತಿದ್ದಾನೆ. 1717ರಲ್ಲಿ ಇಡೀ ಒಂದು ದಳ ಆತನ ಕೈಗೆ ಬಂತು. ಮೇ ತಿಂಗಳಲ್ಲಿ ಗೋಥೆನ್‌ಬರ್ಗ್ ಮೇಲೆ, ಜುಲೈನಲ್ಲಿ ಸ್ಟ್ರೋಮ್‌ಸ್ಟಾಡ್ ಮೇಲೆ ದಾಳಿ ಮಾಡಿದ. ಎರಡೂ ಕೈಗೂಡಲಿಲ್ಲ, ಜನ ಸತ್ತರು. ತನಗಿಂತ ಹಿರಿಯರಾದ ಕೆಲವು ಅಧಿಕಾರಿಗಳಿಗೆ ಈ ಹುಡುಗನ ಕೈಕೆಳಗೆ ಕೆಲಸ ಮಾಡಲು ಇಷ್ಟ ಇರಲಿಲ್ಲ, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಅವರು ಬರಲಿಲ್ಲ. ಆದರೆ ತಪ್ಪೆಲ್ಲ ಅವರದ್ದೇ ಅಂತ ನನಗನ್ನಿಸುವುದಿಲ್ಲ. ಡೂನೆಕಿಲೆನ್ ಪೆಟ್ಟು ತಿಂದ ಮೇಲೆ ಸ್ವೀಡನ್‌ನವರು ಎಚ್ಚರವಾಗಿದ್ದರು, ದಡದಲ್ಲಿ ಫಿರಂಗಿ ಸಾಲುಗಳನ್ನು ಬಲಪಡಿಸಿದ್ದರು. ಮಲಗಿದ್ದವರ ಮೇಲೆ ನಡೆದ ಉಪಾಯ ಕಾದು ಕೂತವರ ಮೇಲೆ ನಡೆಯಲಿಲ್ಲ. 1718ರಲ್ಲಿ ಮತ್ತೆ ಕೋರ್ಟ್ ಮಾರ್ಷಲ್ ಎದುರು ನಿಲ್ಲಬೇಕಾಯಿತು. ಈ ಸಲ ಅಡ್ಮಿರಲ್ ಗಿಲ್ಡೆನ್‌ಲೋವ ಬೆಂಬಲಕ್ಕೆ ನಿಂತು ಪಾರುಮಾಡಿದರು.

ಹನ್ನೆರಡನೇ ಚಾರ್ಲ್ಸ್ ಸಾವಿಗೂ ಈತನಿಗೂ ಸಂಬಂಧ ಇದೆಯಾ?

ಸಾವಿಗೆ ಇಲ್ಲ, ಸುದ್ದಿಗೆ ಇದೆ. 1718ರಲ್ಲಿ ಚಾರ್ಲ್ಸ್ ಮತ್ತೆ ಅದೇ ಫ್ರೆಡ್ರಿಕ್‌ಸ್ಟೆನ್ ಕೋಟೆಗೆ ಮುತ್ತಿಗೆ ಹಾಕಿದ. ಅಲ್ಲಿನ ಕಂದಕದಲ್ಲಿ ತಲೆಗೆ ಗುಂಡು ತಗಲಿ ಸತ್ತ. ಕೆಲವು ಪುಸ್ತಕಗಳಲ್ಲಿ ನವೆಂಬರ್ 30, ಕೆಲವದರಲ್ಲಿ ಡಿಸೆಂಬರ್ 11 ಅಂತ ಇರುತ್ತದೆ. ಎರಡೂ ಸರಿ. ಸ್ವೀಡನ್‌ನಲ್ಲಿ ಹಳೆಯ ಕ್ಯಾಲೆಂಡರ್, ಡೆನ್ಮಾರ್ಕ್‌ನಲ್ಲಿ ಹೊಸದು, ನಡುವೆ 11 ದಿನದ ವ್ಯತ್ಯಾಸ. ಈ ಸುದ್ದಿಯನ್ನು ರಾಜ ಫ್ರೆಡರಿಕ್‌ಗೆ ತಂದು ಮುಟ್ಟಿಸಿದ್ದು ಟೋರ್ಡನ್‌ಸ್ಕ್ಯೋಲ್ಡ್. ಆಗಲೇ ರಿಯರ್ ಅಡ್ಮಿರಲ್ ಪದವಿ ಸಿಕ್ಕಿತು.

ಅದೇ ಸೈನಿಕರನ್ನು ಬೀದಿ ಬೀದಿಯಲ್ಲಿ ಸುತ್ತಿಸಿ ಕೋಟೆ ಗೆದ್ದ ಅನ್ನುತ್ತಾರಲ್ಲ?

1719ರ ಜುಲೈ. ಗೋಥೆನ್‌ಬರ್ಗ್‌ನ ಉತ್ತರಕ್ಕೆ ಮಾರ್‌ಸ್ಟ್ರಾಂಡ್ ಅನ್ನುವ ದ್ವೀಪದ ಊರು, ಅದರ ನೆತ್ತಿಯ ಮೇಲೆ ಕಾರ್ಲ್‌ಸ್ಟೆನ್ ಕೋಟೆ. ಟೋರ್ಡನ್‌ಸ್ಕ್ಯೋಲ್ಡ್ ಊರನ್ನು ಹಿಡಿದ. ಬಂದರಿನಲ್ಲಿದ್ದ ತಮ್ಮ ಹಡಗುಗಳನ್ನು ಸ್ವೀಡನ್‌ನವರು ತಾವೇ ಮುಳುಗಿಸಿದರು, ಉಳಿದವು ಇವನ ಕೈಗೆ ಸಿಕ್ಕವು. ಕೋಟೆ ಮಾತ್ರ ಬಾಕಿ. ಅದರ ಅಧಿಕಾರಿ ಡಾಂಕ್‌ವಾರ್ಟ್.

ಕಥೆ ಹೀಗಿದೆ: ಸೆರೆಸಿಕ್ಕ ಸ್ವೀಡನ್ ಅಧಿಕಾರಿಯೊಬ್ಬನನ್ನು ಟೋರ್ಡನ್‌ಸ್ಕ್ಯೋಲ್ಡ್ ಚೆನ್ನಾಗಿ ಕುಡಿಸಿ ಊರು ಸುತ್ತಿಸಿದ. ಪ್ರತಿ ಬೀದಿಯಲ್ಲೂ ಸೈನಿಕರ ಸಾಲು. ಒಂದು ಬೀದಿ ದಾಟಿದ ಕೂಡಲೇ ಅದೇ ಸೈನಿಕರು ಹಿತ್ತಲ ದಾರಿಯಲ್ಲಿ ಓಡಿ ಮುಂದಿನ ಬೀದಿಯಲ್ಲಿ ನಿಲ್ಲುತ್ತಿದ್ದರು. ಆ ಅಧಿಕಾರಿ ಕೋಟೆಗೆ ಹೋಗಿ, ಶತ್ರು ಸಾವಿರಗಟ್ಟಲೆ ಇದ್ದಾನೆ ಅಂದ. ಕೋಟೆ ಶರಣಾಯಿತು.

ಇದು ಜನರ ಬಾಯಲ್ಲಿ ಬೆಳೆದ ಕಥೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಗುಂಡಿನ ದಾಳಿ ನಡೆಯಿತು, ಮಾತುಕತೆ ನಡೆಯಿತು, ಬೆದರಿಕೆ ಕೆಲಸ ಮಾಡಿತು, ಡಾಂಕ್‌ವಾರ್ಟ್ ಕೋಟೆ ಬಿಟ್ಟುಕೊಟ್ಟ. ಅದಕ್ಕಾಗಿ ಸ್ವೀಡನ್‌ನವರು ಆತನ ತಲೆ ತೆಗೆಸಿದರು. ಸೈನಿಕರ ಕಥೆ ಹೇಳಿ ನಗುವವರು ಈ ಮನುಷ್ಯನನ್ನು ನೆನೆಸಿಕೊಳ್ಳುವುದು ಕಡಿಮೆ. ಆದರೂ ಕಥೆಯಿಂದ ಹುಟ್ಟಿದ ‘ಟೋರ್ಡನ್‌ಸ್ಕ್ಯೋಲ್ಡ್‌ನ ಸೈನಿಕರು’ ಅನ್ನುವ ಮಾತು ಡ್ಯಾನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ಊರ ಸಂಘದಲ್ಲಿ ಅಧ್ಯಕ್ಷರೂ ಅವರೇ, ಚಂದಾ ಎತ್ತುವವರೂ ಅವರೇ, ಚಪ್ಪರ ಹಾಕುವವರೂ ಅವರೇ ಇರುತ್ತಾರಲ್ಲ, ಅಂಥವರಿಗೆ ಅಲ್ಲಿ ಹೀಗೆ ಅನ್ನುತ್ತಾರೆ.

ಈ ಗೆಲುವಿಗೆ ವೈಸ್ ಅಡ್ಮಿರಲ್ ಪದವಿ ಸಿಕ್ಕಿತು. 1720ರ ಜುಲೈ 3ರ ಫ್ರೆಡೆರಿಕ್ಸ್‌ಬೋರ್ಗ್ ಒಪ್ಪಂದದಲ್ಲಿ ಡೆನ್ಮಾರ್ಕ್ ಮಾರ್‌ಸ್ಟ್ರಾಂಡನ್ನು ಸ್ವೀಡನ್‌ಗೆ ವಾಪಸು ಕೊಟ್ಟಿತು.

ಸತ್ತದ್ದು ಹೇಗೆ?

ಈ ಒಪ್ಪಂದದಿಂದ ಡೆನ್ಮಾರ್ಕ್ ಪಾಲಿಗೆ ಯುದ್ಧ ಮುಗಿದ ಮೇಲೆ ಮಾಡಲು ಕೆಲಸ ಇರಲಿಲ್ಲ, ವಿದೇಶ ಪ್ರವಾಸ ಹೊರಟ. ಜರ್ಮನಿಯ ಹ್ಯಾನೋವರ್‌ನಲ್ಲಿ ಒಂದು ಔತಣ. ಅಲ್ಲಿ ಏಳು ಹೆಡೆಯ ಹಾವನ್ನು ತೋರಿಸುತ್ತೇವೆ ಅಂತ ಜನರನ್ನು ಸೇರಿಸಿ ಜೂಜಿನಲ್ಲಿ ಸುಲಿಗೆ ಮಾಡುವವರ ಮಾತು ಬಂತು. ಟೋರ್ಡನ್‌ಸ್ಕ್ಯೋಲ್ಡ್‌ನ ಗೆಳೆಯನೊಬ್ಬ ಅದರಲ್ಲಿ ದುಡ್ಡು ಕಳೆದುಕೊಂಡಿದ್ದ. ಆ ಮೋಸಗಾರನನ್ನು ಟೋರ್ಡನ್‌ಸ್ಕ್ಯೋಲ್ಡ್ ಬಾಯಿಗೆ ಬಂದಂತೆ ಬೈದ. ಅಲ್ಲೇ ಕೂತಿದ್ದ, ಬಾಲ್ಟಿಕ್ ತೀರದ ಲಿವೋನಿಯಾದ ಕರ್ನಲ್ ಯಾಕೋಬ್ ಆಕ್ಸೆಲ್ ಸ್ಟಾಲ್ ಫೊನ್ ಹೋಲ್‌ಸ್ಟೈನ್ ಆ ಹಾವು ತನ್ನದೇ ಅಂದ. ಮಾತು ಕೈಗೆ ತಿರುಗಿತು, ಕರ್ನಲ್ ಪೆಟ್ಟು ತಿಂದ. ದ್ವಂದ್ವಯುದ್ಧಕ್ಕೆ ಕರೆದ.

1720ರ ನವೆಂಬರ್ 12, ಹಿಲ್ಡೆಸ್‌ಹೈಮ್ ಹತ್ತಿರದ ಗ್ಲೈಡಿಂಗನ್ ಊರು. ಕರ್ನಲ್ ಕೈಯಲ್ಲಿ ಯುದ್ಧದ ಕತ್ತಿ. ಟೋರ್ಡನ್‌ಸ್ಕ್ಯೋಲ್ಡ್ ಕೈಯಲ್ಲಿ ದರಬಾರಿಗೆ ಕಟ್ಟಿಕೊಳ್ಳುವ ಹಗುರ ಕತ್ತಿ. ಕಾಳಗ ಬೇಗ ಮುಗಿಯಿತು. ಸೇವಕ ಕೋಲ್ಡ್‌ನ ತೋಳಿನಲ್ಲಿ ಪ್ರಾಣ ಬಿಟ್ಟ. ಮೂವತ್ತು ತುಂಬಿ ಹದಿನೈದು ದಿನ ಆಗಿತ್ತಷ್ಟೇ. ಡೂನೆಕಿಲೆನ್‌ಗೆ ಅಷ್ಟೆಲ್ಲ ಲೆಕ್ಕ ಹಾಕಿ ಹೋದವನು ಇಲ್ಲಿ ಸರಿಯಾದ ಕತ್ತಿಯೂ ಇಲ್ಲದೆ ಹೋದ. ಓದಿದಾಗಲೆಲ್ಲ ಇದು ನನಗೆ ಸಂಕಟ ಕೊಡುತ್ತದೆ.

ಸಮಾಧಿ ಎಲ್ಲಿದೆ?

ಕೋಪನ್‌ಹೇಗನ್‌ನ ಹೋಲ್ಮೆನ್ಸ್ ಚರ್ಚ್‌ನಲ್ಲಿ, ಇದು ನೌಕಾಪಡೆಯ ಚರ್ಚ್. 1677ರಲ್ಲಿ ಕೂಗೆ ಕೊಲ್ಲಿಯಲ್ಲಿ ಸ್ವೀಡನ್ ನೌಕಾದಳವನ್ನು ಸೋಲಿಸಿದ ಅಡ್ಮಿರಲ್ ನೀಲ್ಸ್ ಯೂಲ್ ಸಮಾಧಿಯೂ ಇಲ್ಲೇ ಇದೆ. ದ್ವಂದ್ವಯುದ್ಧ ಕಾನೂನಿಗೆ ವಿರುದ್ಧ, ಹಾಗಾಗಿ ಟೋರ್ಡನ್‌ಸ್ಕ್ಯೋಲ್ಡ್‌ಗೆ ಯಾವ ಮರ್ಯಾದೆಯೂ ಇಲ್ಲದೆ ಸದ್ದಿಲ್ಲದೆ ಮಣ್ಣು ಮಾಡಿದರು. ಕಲ್ಲಿನ ಶವಪೆಟ್ಟಿಗೆಯ ಗೌರವ ಸಿಕ್ಕಿದ್ದು ಸುಮಾರು ನೂರು ವರ್ಷದ ನಂತರ, 1819ರಲ್ಲಿ.

ಈ ಮನೆತನದಲ್ಲಿ ಬೇರೆ ಹೆಸರಾಂತರು ಇದ್ದಾರಾ?

ಇದ್ದಾರೆ. ಪಿಯುಸಿ ಗಣಿತದಲ್ಲಿ ಸಂಮಿಶ್ರ ಸಂಖ್ಯೆಗಳನ್ನು ಆರ್ಗಾಂಡ್ ಚಿತ್ರದ ಮೇಲೆ ಗುರುತಿಸಿದ್ದು ನೆನಪಿದೆಯಾ? ಆ ವಿಧಾನವನ್ನು ಆರ್ಗಾಂಡ್‌ಗಿಂತ ಮುಂಚೆ, 1797ರಲ್ಲಿ, ಡೆನ್ಮಾರ್ಕ್‌ನ ಅಕಾಡೆಮಿಯ ಮುಂದೆ ಇಟ್ಟವರು ಭೂಮಾಪಕ ಕಾಸ್ಪರ್ ವೆಸೆಲ್. ಇವರು ಇದೇ ಮನೆತನದವರು. ಇವರ ಅಣ್ಣ ಯೋಹಾನ್ ಹೆರ್ಮನ್ ವೆಸೆಲ್ ದೊಡ್ಡ ಕವಿ.

ಈಗ ಆತನ ನೆನಪಿನ ಜಾಗಗಳನ್ನು ನೋಡಬೇಕು ಅಂದರೆ?

ಕೋಪನ್‌ಹೇಗನ್‌ಗೆ ಹೋದರೆ ಹೋಲ್ಮೆನ್ಸ್ ಚರ್ಚ್ ನೋಡಿ, ಅದರ ಪಕ್ಕದಲ್ಲೇ ಆತನ ಪ್ರತಿಮೆ ಇದೆ. ಟ್ರಾಂಡ್‌ಹೈಮ್ ಮತ್ತು ಆಸ್ಲೋದಲ್ಲೂ ಪ್ರತಿಮೆಗಳಿವೆ. ಡೆನ್ಮಾರ್ಕ್‌ನ ಉತ್ತರದ ಬಂದರು ಫ್ರೆಡೆರಿಕ್ಸ್‌ಹಾವ್ನ್‌ನಲ್ಲಿ ಆತನ ಹೆಸರಿನ ಉತ್ಸವ ನಡೆಯುತ್ತದೆ. ಜನ ಆ ಕಾಲದ ಬಟ್ಟೆ ತೊಟ್ಟು ಬೀದಿಗೆ ಇಳಿಯುತ್ತಾರೆ. ಸ್ವೀಡನ್‌ನ ಮಾರ್‌ಸ್ಟ್ರಾಂಡ್‌ನಲ್ಲಿ ಕಾರ್ಲ್‌ಸ್ಟೆನ್ ಕೋಟೆ ಇನ್ನೂ ಗಟ್ಟಿಯಾಗಿ ನಿಂತಿದೆ. ಗೋಥೆನ್‌ಬರ್ಗ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಒಂದು ದಿನದಲ್ಲಿ ಹೋಗಿಬರುವ ದಾರಿ. ಡೆನ್ಮಾರ್ಕ್‌ನ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡರೆ ಅದರ ಮೇಲಿನ ಚಿತ್ರವನ್ನೂ ನೋಡಿ. ಉದ್ದ ಸುರುಳಿ ಕೂದಲಿನ ಆ ಮನುಷ್ಯ ಟೋರ್ಡನ್‌ಸ್ಕ್ಯೋಲ್ಡ್ ಇರಬಹುದು, ಆತನ ಹೆಸರಿನ ಬೆಂಕಿಪೊಟ್ಟಣ ಅಲ್ಲಿ ಮನೆಮಾತು.